ಡಿಪೋಗೆ ಒಂಬತ್ತು ಕಿಲೋಮೀಟರು

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ.
ಕೂತು ದುಡಿದರೆ?
ಇಪ್ಪತ್ತೆರಡು ವರ್ಷ ಕೂತೇ ದುಡಿದೆ ನಾನು
ಮೊಂಟೆವಿಡಿಯೋದ ಸಿಟಿ ಬಸ್ಸಿನಲ್ಲಿ, ಸ್ಟೇರಿಂಗಿನ ಹಿಂದೆ.
ಊರಿಗೆ ಊರನ್ನೇ ಓಡಾಡಿಸಿದೆ
ಒಂದು ಹೆಜ್ಜೆ ಎತ್ತಿಡದೆ.

ಡಾಕ್ಟರ್ ಇರಿಗೊಯೆನ್ ಬಯ್ಯಲಿಲ್ಲ.
ಚೀಟಿಯ ಮೇಲೆ ಸಕ್ಕರೆಯ ಅಂಕಿ ಬರೆದು
ಸುತ್ತ ಒಂದು ಸೊನ್ನೆ ಸುತ್ತಿದರು.
ಆಮೇಲೆ, ಪೆನ್ನಿನ ಮುಚ್ಚಳ ಹುಡುಕುತ್ತ ಕೇಳಿದರು:
ಮನೆಯಿಂದ ಡಿಪೋ ಎಷ್ಟು ದೂರ, ನಿಲ್ದಾ?
ಒಂಬತ್ತು ಕಿಲೋಮೀಟರು.
ಹೇಗೆ ಹೋಗ್ತೀರಿ?
ಸಿಬ್ಬಂದಿ ವ್ಯಾನಿನಲ್ಲಿ. ಕೂತುಕೊಂಡು.
ಕೂರುವ ಕೆಲಸಕ್ಕೆ ಕೂತುಕೊಂಡೇ ಹೋಗುವುದು
ಬಾಯಿಬಿಟ್ಟು ಹೇಳಿದಾಗಲೇ ನನಗೂ ಕೇಳಿಸಿದ್ದು.

ನಾದಿನಿ ಗ್ರಿಸೆಲ್ದಾಳ ಸೈಕಲ್ಲು, ಮುಂದೆ ಸೊಟ್ಟ ಬುಟ್ಟಿ,
ಹಿತ್ತಿಲಲ್ಲಿ ಕೋಳಿ ಕೂರುತ್ತಿದ್ದ ಸೀಟು.
ಒರೆಸಿ, ಗಾಳಿ ತುಂಬಿ,
ಏಪ್ರಿಲ್ಲಿನ ಒಂದು ಸೋಮವಾರ ಮೂರೂವರೆಗೇ ಹೊರಟೆ.
ನದಿಯೆನ್ನುತ್ತೇವೆ ನಾವು ಆ ಕಂದು ನೀರನ್ನ,
ಆಚೆ ದಡ ಕಂಡವರಿಲ್ಲ.
ಅದರ ಮೇಲಿಂದ ಬೀಸುವ ಗಾಳಿಗೆ ಈಚೆ ದಡದವರ
ಮುಲಾಜೂ ಇಲ್ಲ.

ಈ ದಾರಿಯಲ್ಲಿ ಏರಿದೆಯೆಂದು
ಇಷ್ಟು ವರ್ಷ ಬಸ್ಸು ನನಗೆ ಹೇಳಿರಲೇ ಇಲ್ಲ.
ತೊಡೆ ಹೇಳಿತು.
ಎದೆ ಕಮ್ಮಾರನ ತಿದಿ,
ಬಾಯಲ್ಲಿ ತುಕ್ಕಿನ ರುಚಿ,
ಕಟ್ಟೆಯ ಮೇಲೆ ಗಾಳ ಹಾಕಿ ಕೂತ ಮುದುಕ
ಎದ್ದೇ ನಿಂತ, ಹಿಡಿದುಕೊಳ್ಳಬೇಕಾದೀತೇನೋ ಎಂಬಂತೆ.

ಡಿಪೋದ ಗೇಟಿನಲ್ಲಿ ಮೆಕ್ಯಾನಿಕ್ ಒಲೆಗಾರಿಯೋ
ಡೀಸೆಲ್ ಅಷ್ಟು ದುಬಾರಿಯಾಯಿತೇ ಎಂದು ನಕ್ಕ,
ನಕ್ಕು, ತನ್ನ ಮಾಟೆ ಕಷಾಯದ ಬುರುಡೆಯನ್ನೇ ಕೈಗಿಟ್ಟ.
ಮಾತಾಡಲು ಉಸಿರಿರಲಿಲ್ಲ, ಹೀರಿದೆ.

ಮೊದಲು ಇಳಿದದ್ದು ತೂಕವಲ್ಲ, ಸಿಟ್ಟು.
ಚಿಲ್ಲರೆ ಇಲ್ಲದವರು, ಬಾಗಿಲಲ್ಲೇ ನಿಲ್ಲುವವರು,
ಅವರ ಮೇಲೆ ಎಗರಬೇಕಾದ್ದನ್ನೆಲ್ಲ
ಬೆಳಿಗ್ಗೆಯೇ ಎದುರುಗಾಳಿಗೆ ಬೈದು ಮುಗಿಸಿರುತ್ತಿದ್ದೆ.
ಜೂನ್ ತಿಂಗಳ ಚಳಿಗೆ ಬೆರಳು ಸೆಟೆದು
ಎರಡು ವಾರ ವ್ಯಾನು ಹತ್ತಿದ್ದೂ ಉಂಟು.
ಅಕ್ಟೋಬರಿನಲ್ಲಿ ಬೆಲ್ಟಿಗೆ ಹೊಸ ತೂತು ಬೇಕಾಯಿತು,
ಒಲೆಗಾರಿಯೋ ಡ್ರಿಲ್ಲಿನಲ್ಲಿ ಕೊರೆದುಕೊಟ್ಟ,
ಇನ್ನೊಂದಕ್ಕೂ ಗುರುತು ಹಾಕಿಟ್ಟ.

ಯೂನಿಯನ್ ಆಫೀಸು ಮೂರನೇ ಮಹಡಿ.
ಚಂದಾ ಕಟ್ಟಲು ಹತ್ತುವಾಗ ಮಾರಿಸೋಲ್ ಜೊತೆಗಿದ್ದಳು,
ಅವಳ ಮಗಳ ಮದುವೆ, ಬೀಗರ ಜಿಪುಣತನ...
ಮೇಲೆ ತಲುಪಿದಾಗ ಗೊತ್ತಾಯಿತು
ಮಾತು ಎಲ್ಲೂ ತುಂಡಾಗಿರಲಿಲ್ಲ, ನನ್ನದು.
ಅವಳು ರೇಲಿಂಗು ಹಿಡಿದು ನಿಂತಿದ್ದಳು.

ಮೊಣಕಾಲು ಮಾತ್ರ ಇನ್ನೂ ರಾಜಿಗೆ ಬಂದಿಲ್ಲ.
ಅಂಕಿಯೂ ಪೂರ್ತಿ ಇಳಿದಿಲ್ಲ, ಆದರೆ ಡಾಕ್ಟರು
ಈ ಸಲ ಸೊನ್ನೆ ಸುತ್ತಲಿಲ್ಲ, ಅಡಿಗೆರೆ ಎಳೆದರು.
ನಾಡಿ ಹಿಡಿದು ಗಡಿಯಾರ ನೋಡಿದರು,
ಇನ್ನೊಮ್ಮೆ ಹಿಡಿದರು.

ಮೊನ್ನೆ ಬಸ್ಸಿನ ಮುಂದೆ ಹುಡುಗಿಯೊಬ್ಬಳು
ಅದೇ ಏರಿನಲ್ಲಿ ಸೀಟು ಬಿಟ್ಟೆದ್ದು ತುಳಿಯುತ್ತಿದ್ದಳು,
ಬೆನ್ನಮೇಲೆ ಶಾಲೆಯೋ ಸಂಸಾರವೋ, ಅಷ್ಟು ದೊಡ್ಡ ಚೀಲ.
ಹಾರ್ನ್ ಹಾಕಮ್ಮ, ಹೊತ್ತಾಯಿತು, ಹಿಂದಿನ ಸೀಟಿನ ದನಿ.
ಹಾಕಲಿಲ್ಲ.
ಲಾಂಡ್ರಿ ಅಂಗಡಿ ದಾಟಿದರೆ ಹನ್ನೊಂದೇ ತುಳಿತ,
ಆಮೇಲೆ ಇಳಿಜಾರು, ನನಗೆ ಗೊತ್ತು.
ನಲವತ್ತು ಜನರನ್ನು ಹೊತ್ತ ಬಸ್ಸು
ಎಣಿಸುತ್ತ ಅವಳ ಹಿಂದೆ ನಡೆಯಿತು.

ಇವತ್ತು ಬಿರುಗಾಳಿಯ ಎಚ್ಚರಿಕೆ,
ಅಲೆ ಕಟ್ಟೆ ಹಾರಿ ರಸ್ತೆಗೆ ಬಿದ್ದಿದೆ. ವ್ಯಾನಿನಲ್ಲೇ ಹೊರಟೆ.
ಬೆಚ್ಚಗಿತ್ತು, ಯಾರದೋ ಗೊರಕೆ.
ಲಾಂಡ್ರಿಯ ಹತ್ತಿರ ವ್ಯಾನಿನ ಹುಡುಗ
ಕನ್ನಡಿಯಲ್ಲಿ ನನ್ನ ಕಾಲು ನೋಡಿ ಕೆಣಕಿದ:
ಬ್ರೇಕ್ ಹುಡುಕ್ತಿದೀರಾ, ನನ್ನ ಮೇಲೆ ನಂಬಿಕೆ ಇಲ್ವಾ?
ಇಲ್ಲಪ್ಪ, ಅಂದೆ,
ಏರು ಬಂತಲ್ಲ.